ಖಾಲಿ ಚೌಕ, ಸೊನ್ನೆ, ‘ಎಬಿ’: ಆನ್‌ಲೈನ್ ಗ್ರೇಡ್‌ಬುಕ್‌ನ ವಿಶೇಷ ಗುರುತುಗಳು

ಬೋಧಕರ ಪ್ರಶ್ನೋತ್ತರ

ಸೆಮಿಸ್ಟರ್ ಮುಗಿಯುತ್ತಿರುವ ಈ ದಿನಗಳಲ್ಲಿ ಹುಬ್ಬಳ್ಳಿ-ಧಾರವಾಡ, ಗದಗ ಮತ್ತು ಹಾವೇರಿ ಕಡೆಯಿಂದ ಬಂದಿರುವ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯದ ಸುತ್ತ ಇವೆ. ಪರೀಕ್ಷೆಗೆ ಬಾರದವರು, ತಡವಾಗಿ ಒಪ್ಪಿಸಿದವರು, ವಿನಾಯಿತಿ ಪಡೆದವರು, ಕೋರ್ಸನ್ನು ನಡುವೆ ಬಿಟ್ಟವರು, ಇವರೆಲ್ಲರ ಹೆಸರಿನ ಮುಂದೆ ಆನ್‌ಲೈನ್ ಗ್ರೇಡ್‌ಬುಕ್‌ನಲ್ಲಿ (ಅಂಕಗಳ ಪುಸ್ತಕದಲ್ಲಿ) ಏನು ಬರೆಯಬೇಕು, ಬರೆದದ್ದು ಒಟ್ಟು ಅಂಕವನ್ನು ಹೇಗೆ ಬದಲಿಸುತ್ತದೆ ಎಂಬುದೇ ಆ ವಿಷಯ. ಆದ್ದರಿಂದ ಈ ಸಂಚಿಕೆಯ ಪುಟಗಳನ್ನು ಪೂರ್ತಿಯಾಗಿ ಇದಕ್ಕೇ ಮೀಸಲಿಟ್ಟಿದ್ದೇವೆ.

ಪ್ರಶ್ನೆ: ನಮ್ಮ ಕಾಲೇಜಿನಲ್ಲಿ ಪಾಠ, ಅಸೈನ್‌ಮೆಂಟ್, ಅಂಕಗಳನ್ನು ಆನ್‌ಲೈನಿನಲ್ಲಿ ನಿರ್ವಹಿಸುವ ಮೂಡಲ್ ತಂತ್ರಾಂಶ ಬಳಸುತ್ತೇವೆ. ತಲಾ 10 ಅಂಕಗಳ ನಾಲ್ಕು ಅಸೈನ್‌ಮೆಂಟ್ ಕೊಟ್ಟಿದ್ದೆ. ಒಬ್ಬ ವಿದ್ಯಾರ್ಥಿ ವಿಶ್ವವಿದ್ಯಾಲಯದ ಕಬಡ್ಡಿ ತಂಡದೊಂದಿಗೆ ಹೋಗಿದ್ದರಿಂದ ನಾಲ್ಕನೆಯದನ್ನು ಒಪ್ಪಿಸಲಿಲ್ಲ. ಇನ್ನೊಬ್ಬ ಯಾವ ಕಾರಣವನ್ನೂ ಹೇಳದೆ ಒಪ್ಪಿಸಲಿಲ್ಲ. ಉಳಿದ ಮೂರರಲ್ಲಿ ಇಬ್ಬರಿಗೂ 8, 9, 7 ಅಂಕಗಳಿವೆ. ಗ್ರೇಡ್‌ಬುಕ್ ಇಬ್ಬರಿಗೂ ಶೇಕಡಾ 80 ತೋರಿಸುತ್ತಿದೆ. ನಾಲ್ಕನ್ನೂ ಒಪ್ಪಿಸಿ ಶೇಕಡಾ 72 ಪಡೆದ ವಿದ್ಯಾರ್ಥಿನಿ ‘ಇದು ಯಾವ ನ್ಯಾಯ’ ಎಂದು ಕೇಳುತ್ತಿದ್ದಾಳೆ. ಏನು ಮಾಡಲಿ?
(ಪದವಿ ಕಾಲೇಜಿನ ಉಪನ್ಯಾಸಕಿ, ಗದಗ)

ಉತ್ತರ: ಆ ವಿದ್ಯಾರ್ಥಿನಿಯ ಪ್ರಶ್ನೆ ಸರಿಯಾಗಿಯೇ ಇದೆ, ಅದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮೂಡಲ್‌ನಲ್ಲಿ ಪ್ರತಿಯೊಂದು ಗ್ರೇಡ್ ವಿಭಾಗಕ್ಕೂ ‘ಎಕ್ಸ್‌ಕ್ಲೂಡ್ ಎಂಪ್ಟಿ ಗ್ರೇಡ್ಸ್’ ಎಂಬ ಸೆಟ್ಟಿಂಗ್ ಇರುತ್ತದೆ ಮತ್ತು ಸಾಮಾನ್ಯವಾಗಿ ಅದು ಮೊದಲಿನಿಂದಲೇ ಚಾಲೂ ಇರುತ್ತದೆ. ಅದು ಚಾಲೂ ಇರುವವರೆಗೆ ಖಾಲಿ ಚೌಕವನ್ನು ತಂತ್ರಾಂಶವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿ ಇಬ್ಬರ ಲೆಕ್ಕವೂ 30ಕ್ಕೆ 24 ಎಂದಾಗಿ ಶೇಕಡಾ 80 ಬಂದಿದೆ. ಕಾರಣವಿಲ್ಲದೆ ಒಪ್ಪಿಸದವನ ಚೌಕದಲ್ಲಿ ಸೊನ್ನೆ ಇದ್ದಿದ್ದರೆ ಅವನ ಲೆಕ್ಕ 40ಕ್ಕೆ 24 ಆಗಿ ಶೇಕಡಾ 60 ಬರುತ್ತಿತ್ತು. ಖಾಲಿ ಬಿಟ್ಟದ್ದರಿಂದ ಅವನ ಶೇಕಡಾವಾರು 60ರ ಬದಲು 80 ಆಗಿದೆ, ಮತ್ತು ಹಾಗೆ ಕೊಡಬೇಕೆಂದು ಯಾರೂ ನಿರ್ಧರಿಸಿರಲಿಲ್ಲ.

ಈ ಸೆಟ್ಟಿಂಗ್‌ನ ಹಿಂದೆ ಒಂದು ಒಳ್ಳೆಯ ಉದ್ದೇಶವಿದೆ. ಸೆಮಿಸ್ಟರಿನ ನಡುವೆ, ಇನ್ನೂ ಗಡುವು ಬಾರದ ಅಸೈನ್‌ಮೆಂಟುಗಳನ್ನೆಲ್ಲ ಸೊನ್ನೆ ಎಂದು ಎಣಿಸಿದರೆ ಚೆನ್ನಾಗಿ ಓದುವ ವಿದ್ಯಾರ್ಥಿಯ ಒಟ್ಟು ಅಂಕವೂ ಪಾತಾಳಕ್ಕೆ ಇಳಿದಂತೆ ಕಾಣುತ್ತದೆ. ಆದ್ದರಿಂದ ನಡುವಿನ ಅವಧಿಯಲ್ಲಿ ಈ ಸೆಟ್ಟಿಂಗ್ ಚಾಲೂ ಇರುವುದೇ ಸರಿ. ತೊಡಕು ಬರುವುದು ಸೆಮಿಸ್ಟರ್ ಮುಗಿದ ಮೇಲೆ. ಆಗ ಒಂದು ಖಾಲಿ ಚೌಕವು ‘ಇನ್ನೂ ಮೌಲ್ಯಮಾಪನ ಮಾಡಿಲ್ಲ’ ಎಂದಿರಬಹುದು, ‘ಒಪ್ಪಿಸಿಲ್ಲ’ ಎಂದಿರಬಹುದು, ‘ವಿನಾಯಿತಿ ಕೊಡಲಾಗಿದೆ’ ಎಂದೂ ಇರಬಹುದು. ಈ ಮೂರರ ವ್ಯತ್ಯಾಸ ನಿಮಗೆ ಗೊತ್ತಿದೆ, ತಂತ್ರಾಂಶಕ್ಕೆ ಗೊತ್ತಿಲ್ಲ. ಕೊನೆಯ ಗಡುವು ಮತ್ತು ನೀವು ಕೊಟ್ಟ ಹೆಚ್ಚುವರಿ ಕಾಲಾವಕಾಶ ಎರಡೂ ಮುಗಿದ ಮೇಲೆ ಗ್ರೇಡ್‌ಬುಕ್‌ನಲ್ಲಿ ಒಂದು ಚೌಕವೂ ನಿರ್ಧಾರವಿಲ್ಲದೆ ಖಾಲಿ ಉಳಿಯಬಾರದು ಎಂಬುದನ್ನು ವಿಭಾಗದ ನಿಯಮವಾಗಿಯೇ ಇಟ್ಟುಕೊಳ್ಳಿ.

ನಿಮ್ಮ ಇಬ್ಬರು ವಿದ್ಯಾರ್ಥಿಗಳ ಮಟ್ಟಿಗೆ ಮಾಡಬೇಕಾದದ್ದು ಹೀಗೆ. ಕಬಡ್ಡಿ ಆಟಗಾರನ ಆ ಒಂದು ಗ್ರೇಡನ್ನು ತಿದ್ದುವ ಪುಟದಲ್ಲಿ ತೆರೆದು ‘ಎಕ್ಸ್‌ಕ್ಲೂಡೆಡ್’ ಎಂಬ ಗುರುತನ್ನು ಹಾಕಿ. ಅದೇ ಪುಟದ ಫೀಡ್‌ಬ್ಯಾಕ್ ಜಾಗದಲ್ಲಿ ‘ದೈಹಿಕ ಶಿಕ್ಷಣ ನಿರ್ದೇಶಕರ ಪತ್ರದ ಮೇರೆಗೆ ವಿನಾಯಿತಿ’ ಎಂದು ದಿನಾಂಕ ಸಮೇತ ಷರಾ ಬರೆಯಿರಿ. ಇನ್ನೊಬ್ಬನಿಗೆ ಸೊನ್ನೆಯನ್ನೇ ನಮೂದಿಸಿ. ಆ ಸೊನ್ನೆಯನ್ನು ಗ್ರೇಡ್‌ಬುಕ್‌ನಲ್ಲಿ ನೇರವಾಗಿ ಹಾಕುವುದಕ್ಕಿಂತ ಅಸೈನ್‌ಮೆಂಟಿನ ಒಳಗೇ ಹಾಕುವುದು ಮೇಲು. ಗ್ರೇಡ್‌ಬುಕ್‌ನಲ್ಲಿ ನೇರವಾಗಿ ತಿದ್ದಿದ ಅಂಕವು ‘ಓವರ್‌ರಿಡನ್’ ಆಗುತ್ತದೆ. ಮುಂದೆ ಅಸೈನ್‌ಮೆಂಟಿನಲ್ಲಿ ಅಂಕ ಬದಲಿಸಿದರೂ ಆ ಬದಲಾವಣೆ ಗ್ರೇಡ್‌ಬುಕ್‌ಗೆ ತಲುಪುವುದಿಲ್ಲ. ‘ನಾನು ಅಂಕ ಕೊಟ್ಟಿದ್ದೇನೆ, ಗ್ರೇಡ್‌ಬುಕ್‌ನಲ್ಲಿ ಮಾತ್ರ ಕಾಣುತ್ತಿಲ್ಲ’ ಎಂಬ ದೂರಿನ ಹಿಂದೆ ಇರುವುದು ಬಹಳಷ್ಟು ಸಲ ಇದೇ. ಅಸೈನ್‌ಮೆಂಟಿನ ಮೌಲ್ಯಮಾಪನ ಪುಟದಲ್ಲಿ ‘ನಾಟ್ ಸಬ್ಮಿಟೆಡ್’ ಎಂಬ ಫಿಲ್ಟರ್ ಇದೆ. ಅದನ್ನು ಹಾಕಿ ‘ಕ್ವಿಕ್ ಗ್ರೇಡಿಂಗ್’ ತೆರೆದರೆ ಒಪ್ಪಿಸದವರಿಗೆಲ್ಲ ಒಂದೇ ಕಡೆ ಸೊನ್ನೆ ತುಂಬಬಹುದು. ಆದರೆ ಕ್ವಿಜ್‌ಗೆ ಈ ಸೌಕರ್ಯವಿಲ್ಲ. ಕ್ವಿಜ್ ತೆರೆಯದೇ ಇದ್ದವರಿಗೆ ಗ್ರೇಡ್‌ಬುಕ್‌ನಲ್ಲೇ ಸೊನ್ನೆ ಹಾಕಬೇಕಾಗುತ್ತದೆ. ಅಲ್ಲಿ ಖಾಲಿ ಚೌಕಗಳಿಗೆಲ್ಲ ಒಟ್ಟಿಗೆ ಸೊನ್ನೆ ತುಂಬುವ ಸೌಲಭ್ಯವನ್ನು ಬಳಸುವುದಾದರೆ, ವಿನಾಯಿತಿ ಪಡೆದವರ ಹೆಸರುಗಳನ್ನು ಮೊದಲು ಪಟ್ಟಿ ಮಾಡಿಕೊಳ್ಳಿ. ಇಲ್ಲದಿದ್ದರೆ ಅವರ ಚೌಕದಲ್ಲೂ ಸೊನ್ನೆ ಬಂದು ಕುಳಿತುಕೊಳ್ಳುತ್ತದೆ. ಅದು ಲೆಕ್ಕಕ್ಕೆ ಸೇರದಿದ್ದರೂ ವಿದ್ಯಾರ್ಥಿಯ ಕಣ್ಣಿಗೆ ಬಿದ್ದಾಗ ಆಗುವ ಗಾಬರಿ ಸಣ್ಣದಲ್ಲ.

ಇದರ ಜೊತೆಗೆ ಬಹಳ ಜನ ಗಮನಿಸದ ಒಂದು ಅಂಶವಿದೆ. ಗ್ರೇಡ್‌ಬುಕ್ ಅಂಕಗಳನ್ನು ಇದ್ದಂತೆಯೇ ಕೂಡುವ ‘ನ್ಯಾಚುರಲ್’ ಪದ್ಧತಿಯಲ್ಲಿ ಲೆಕ್ಕ ಹಾಕುತ್ತಿದ್ದರೆ, ವಿನಾಯಿತಿ ಪಡೆದವನ ಮಟ್ಟಿಗೆ ಗರಿಷ್ಠ ಅಂಕವೇ 30ಕ್ಕೆ ಇಳಿದಿರುತ್ತದೆ. ಫಲಿತಾಂಶವನ್ನು ಅಂಕಗಳಾಗಿ ಇಳಿಸಿಕೊಂಡರೆ ಅವನ ಸಾಲಿನಲ್ಲಿ 24 ಎಂದು ಬರುತ್ತದೆ, ಶೇಕಡಾವಾರು ಇಳಿಸಿಕೊಂಡರೆ 80 ಎಂದು ಬರುತ್ತದೆ. ಕಚೇರಿಯವರು ಆ 24ನ್ನು 40ಕ್ಕೆ ಪಡೆದ ಅಂಕವೆಂದು ತಿಳಿದು ವಿಶ್ವವಿದ್ಯಾಲಯದ ಪೋರ್ಟಲ್‌ಗೆ ಏರಿಸಿದರೆ, ನೀವು ಕೊಟ್ಟ ವಿನಾಯಿತಿ ಯಾರಿಗೂ ತಿಳಿಯದಂತೆ ಸೊನ್ನೆಯಾಗಿ ಮಾರ್ಪಡುತ್ತದೆ. ಆದ್ದರಿಂದ ಶೇಕಡಾವಾರು ಇಳಿಸಿಕೊಂಡು ಅದನ್ನು 40ಕ್ಕೆ ಪರಿವರ್ತಿಸಿ 32 ಎಂದು ಕೊಡಿ.

ಕೊನೆಯದಾಗಿ ನನ್ನ ಅಭಿಪ್ರಾಯವೊಂದನ್ನು ಹೇಳುತ್ತೇನೆ. ನಾಲ್ಕರಲ್ಲಿ ಒಂದು ಅಸೈನ್‌ಮೆಂಟಿಗೆ ವಿನಾಯಿತಿ ಕೊಡುವುದು ಸರಿ. ಆದರೆ ಎರಡು ಐ.ಎ. (ಆಂತರಿಕ ಮೌಲ್ಯಮಾಪನ) ಟೆಸ್ಟುಗಳಲ್ಲಿ ಒಂದಕ್ಕೆ ವಿನಾಯಿತಿ ಕೊಟ್ಟರೆ ಉಳಿದ ಒಂದರ ಮೇಲೆ ಇಡೀ ಭಾರ ಬೀಳುತ್ತದೆ, ಮತ್ತು ಅರ್ಧ ಪಠ್ಯವನ್ನು ಆ ವಿದ್ಯಾರ್ಥಿ ಕಲಿತಿದ್ದಾನೆಯೇ ಎಂಬುದು ಪರೀಕ್ಷೆಗೇ ಒಳಪಡುವುದಿಲ್ಲ. ಅಂಥ ಕಡೆ ಬದಲಿ ಟೆಸ್ಟ್ ನಡೆಸಿ, ಅದರ ಅಂಕವನ್ನೇ ಆ ಚೌಕದಲ್ಲಿ ತುಂಬಿ.

ಪ್ರಶ್ನೆ: ನಾನು ಅಂಕಗಳನ್ನು ಮೊದಲು ಎಕ್ಸೆಲ್‌ನಲ್ಲಿ ಬರೆದುಕೊಂಡು ಆಮೇಲೆ ಆನ್‌ಲೈನ್ ಗ್ರೇಡ್‌ಬುಕ್‌ಗೆ ಏರಿಸುತ್ತೇನೆ. ಬಾರದವರಿಗೆ ‘ಎಬಿ’ ಎಂದು ಬರೆಯುವುದು ನಮ್ಮ ರೂಢಿ. ಈ ಸಲ ನೋಡಿದರೆ ಟೆಸ್ಟಿಗೆ ಬಾರದವರ ಸರಾಸರಿಯೇ ಬಂದವರಿಗಿಂತ ಹೆಚ್ಚಾಗಿದೆ. ಎಕ್ಸೆಲ್ ಕೆಟ್ಟಿದೆಯೇ?
(ಉಪನ್ಯಾಸಕರು, ರಾಣೆಬೆನ್ನೂರು, ಹಾವೇರಿ ಜಿಲ್ಲೆ)

ಉತ್ತರ: ಕೆಟ್ಟಿಲ್ಲ. ಎಕ್ಸೆಲ್‌ನ ‘ಆವರೇಜ್’ ಸೂತ್ರವು ನೀವು ಕೊಟ್ಟ ಸಾಲಿನಲ್ಲಿ ಸಂಖ್ಯೆಗಳನ್ನು ಮಾತ್ರ ನೋಡುತ್ತದೆ. ಅಕ್ಷರ ಇರುವ ಚೌಕವನ್ನೂ ಖಾಲಿ ಚೌಕವನ್ನೂ ಬಿಟ್ಟುಬಿಡುತ್ತದೆ. 8, 9, 7, ‘ಎಬಿ’ ಎಂದಿದ್ದರೆ ಅದು 24ನ್ನು ಮೂರರಿಂದ ಭಾಗಿಸಿ 8 ಎನ್ನುತ್ತದೆ. ‘ಎಬಿ’ ಇದ್ದ ಕಡೆ ಸೊನ್ನೆ ಬರೆದರೆ ನಾಲ್ಕರಿಂದ ಭಾಗಿಸಿ 6 ಎನ್ನುತ್ತದೆ. ‘ಸಮ್’ ಸೂತ್ರವೂ ಅಕ್ಷರಗಳನ್ನು ಬಿಟ್ಟೇ ಕೂಡುತ್ತದೆ. ಆದರೆ ಚೌಕಗಳನ್ನು ಒಂದೊಂದಾಗಿ ಕೂಡಿಸುವ ಚಿಹ್ನೆ ಹಾಕಿ ಬರೆದಿದ್ದರೆ ‘ವ್ಯಾಲ್ಯೂ’ ಎಂಬ ದೋಷ ಬಂದು ಲೆಕ್ಕ ನಿಂತುಹೋಗುತ್ತದೆ. ಹಾಗೆ ನಿಂತರೆ ಒಳ್ಳೆಯದೇ, ನಿಮ್ಮ ಗಮನಕ್ಕಾದರೂ ಬರುತ್ತದೆ. ‘ಆವರೇಜ್’ ಮೌನವಾಗಿ ತಪ್ಪು ಉತ್ತರ ಕೊಡುವುದರಿಂದ ಅದೇ ಹೆಚ್ಚು ಅಪಾಯಕಾರಿ. ಅಕ್ಷರವಿರುವ ಚೌಕವನ್ನು ಸೊನ್ನೆಯೆಂದೇ ಎಣಿಸುವ ‘ಆವರೇಜ್‌ಎ’ ಎಂಬ ಸೂತ್ರವೂ ಇದೆ. ಆದರೆ ಅದು ವಿನಾಯಿತಿ ಪಡೆದವರ ‘ಇಎಕ್ಸ್’ ಗುರುತನ್ನೂ ಸೊನ್ನೆಯೆಂದೇ ತಿಳಿಯುವುದರಿಂದ ಕಣ್ಣು ಮುಚ್ಚಿ ಬಳಸುವಂತಿಲ್ಲ.

ಪ್ರತಿ ಟೆಸ್ಟಿಗೂ ಎರಡು ಕಾಲಂ ಇಟ್ಟುಕೊಳ್ಳಿ. ಒಂದರಲ್ಲಿ ಅಂಕ ಮಾತ್ರ, ಇನ್ನೊಂದರಲ್ಲಿ ಗುರುತು ಮಾತ್ರ ಇರಲಿ. ಬಾರದವನಿಗೆ ಅಂಕದ ಕಾಲಂನಲ್ಲಿ 0, ಗುರುತಿನ ಕಾಲಂನಲ್ಲಿ ‘ಎಬಿ’. ವಿನಾಯಿತಿ ಪಡೆದವನಿಗೆ ಅಂಕದ ಕಾಲಂ ಖಾಲಿ, ಗುರುತಿನಲ್ಲಿ ‘ಇಎಕ್ಸ್’. ಹೀಗಿದ್ದರೆ ಲೆಕ್ಕವೂ ಸರಿಯಿರುತ್ತದೆ, ಎಷ್ಟು ಜನ ಗೈರಾಗಿದ್ದರು ಎಂಬುದನ್ನು ‘ಕೌಂಟ್‌ಇಫ್’ ಸೂತ್ರದಿಂದ ಎಣಿಸಲೂ ಬರುತ್ತದೆ. ಗ್ರೇಡ್‌ಬುಕ್‌ಗೆ ಏರಿಸುವಾಗ ಅಂಕದ ಕಾಲಂನ್ನು ಮಾತ್ರ ಏರಿಸಿ. ಸಂಖ್ಯೆಗೆಂದು ಇಟ್ಟ ಕಾಲಂಗೆ ಅಕ್ಷರ ಬಂದರೆ ಮೂಡಲ್ ಅದನ್ನು ಒಪ್ಪುವುದಿಲ್ಲ.

ಪ್ರಶ್ನೆ: ನಮ್ಮದು ಸ್ವಾಯತ್ತ ಎಂಜಿನಿಯರಿಂಗ್ ಕಾಲೇಜು. ‘ಐ’ (ಇನ್‌ಕಂಪ್ಲೀಟ್, ಅಂದರೆ ಅಪೂರ್ಣ), ‘ಡಬ್ಲ್ಯೂ’, ‘ಎಕ್ಸ್’ ಗ್ರೇಡುಗಳನ್ನು ಆನ್‌ಲೈನ್ ಗ್ರೇಡ್‌ಬುಕ್‌ನಲ್ಲಿ ತೋರಿಸಬೇಕಾಗಿದೆ. ಒಬ್ಬ ಸಹೋದ್ಯೋಗಿ ಲೆಟರ್ ಗ್ರೇಡಿನ ಪಟ್ಟಿಯಲ್ಲೇ ಕೊನೆಗೆ ‘ಐ’ ಸೇರಿಸಿದ್ದಾರೆ. ಇದು ಸರಿಯೇ? ‘ಐ’ ಇರುವವರ ಎಸ್‌ಜಿಪಿಎ (ಸೆಮಿಸ್ಟರಿನ ಸರಾಸರಿ ಗ್ರೇಡ್ ಅಂಕ) ಲೆಕ್ಕ ಹಾಕುವುದು ಹೇಗೆ?
(ಪರೀಕ್ಷಾ ವಿಭಾಗದ ಸಂಯೋಜಕರು, ಧಾರವಾಡ)

ಉತ್ತರ: ಪಟ್ಟಿಯಲ್ಲಿ ಸೇರಿಸಿದ್ದು ಸರಿಯಲ್ಲ, ಅದನ್ನು ಇಂದೇ ತೆಗೆಸಿ. ಗ್ರೇಡ್‌ಬುಕ್‌ನ ಲೆಟರ್ ಪಟ್ಟಿಯು ಶೇಕಡಾವಾರು ಮಿತಿಗಳ ಮೇಲೆ ನಿಂತಿದೆ. ಇಷ್ಟರಿಂದ ಇಷ್ಟರವರೆಗೆ ಈ ಅಕ್ಷರ ಎಂದಷ್ಟೇ ಅದಕ್ಕೆ ತಿಳಿಯುತ್ತದೆ. ಆ ಪಟ್ಟಿಯ ತಳದಲ್ಲಿ ಸೊನ್ನೆಗೆ ‘ಐ’ ಎಂದು ಹಾಕಿದರೆ, ಪರೀಕ್ಷೆ ಬರೆದು ನಿಜವಾಗಿಯೂ ಸೊನ್ನೆ ಪಡೆದವನಿಗೂ ‘ಐ’ ಬರುತ್ತದೆ. ಮೂರು ಟೆಸ್ಟುಗಳಲ್ಲಿ ಚೆನ್ನಾಗಿ ಬರೆದು ಅಪಘಾತದಿಂದ ಆಸ್ಪತ್ರೆ ಸೇರಿ ಕೊನೆಯ ಪರೀಕ್ಷೆ ತಪ್ಪಿಸಿಕೊಂಡವನಿಗೆ ‘ಸಿ’ಯೋ ‘ಪಿ’ಯೋ ಬಂದುಬಿಡುತ್ತದೆ. ‘ಐ’ ಎಂಬುದು ಯಾವ ಶೇಕಡಾವಾರಿಗೂ ಸಂಬಂಧಪಟ್ಟದ್ದಲ್ಲ. ಮೌಲ್ಯಮಾಪನ ಇನ್ನೂ ಪೂರ್ಣವಾಗಿಲ್ಲ ಎಂಬ ಸ್ಥಿತಿಯನ್ನು ಅದು ಹೇಳುತ್ತದೆ.

ವಿಶ್ವವಿದ್ಯಾಲಯ ಅನುದಾನ ಆಯೋಗದ ಸಿ.ಬಿ.ಸಿ.ಎಸ್. (ಆಯ್ಕೆ ಆಧಾರಿತ ಕ್ರೆಡಿಟ್ ಪದ್ಧತಿ) ಮಾರ್ಗಸೂಚಿಯನ್ನು ಇಲ್ಲಿ ನೆನಪಿಸಿಕೊಳ್ಳುವುದು ಉಪಯುಕ್ತ. ಅದರ ಹತ್ತು ಅಂಕಗಳ ಮಾಪನದಲ್ಲಿ ‘ಓ’ಗೆ 10, ‘ಎ+’ಗೆ 9, ‘ಎ’ಗೆ 8, ‘ಬಿ+’ಗೆ 7, ‘ಬಿ’ಗೆ 6, ‘ಸಿ’ಗೆ 5, ‘ಪಿ’ಗೆ 4 ಅಂಕಗಳಿವೆ. ‘ಎಫ್’ಗೆ 0, ‘ಎಬಿ’ಗೂ 0. ಅನುತ್ತೀರ್ಣನಾದವನೂ ಗೈರಾದವನೂ ಲೆಕ್ಕದಲ್ಲಿ ಒಂದೇ ಆದರೂ ಅವರ ಗುರುತುಗಳನ್ನು ಬೇರೆಬೇರೆಯಾಗಿಯೇ ಇಟ್ಟಿರುವುದನ್ನು ನೋಡಿ. ಅದೇ ಮಾರ್ಗಸೂಚಿಯಲ್ಲಿ ಕ್ರೆಡಿಟ್ ಇಲ್ಲದ ಕೋರ್ಸುಗಳಿಗೆ ಲೆಟರ್ ಗ್ರೇಡಿನ ಬದಲು ‘ತೃಪ್ತಿಕರ’ ಅಥವಾ ‘ಅತೃಪ್ತಿಕರ’ ಎಂದು ಮಾತ್ರ ತೋರಿಸಬೇಕು, ಅದನ್ನು ಎಸ್‌ಜಿಪಿಎ ಲೆಕ್ಕಕ್ಕೆ ಸೇರಿಸಬಾರದು ಎಂದಿದೆ. ಅಲ್ಲಿ ಗುರುತು ಇದೆ, ಸಂಖ್ಯೆಯೇ ಇಲ್ಲ. ಗುರುತು ಒಂದು ವಿಷಯ, ಲೆಕ್ಕಕ್ಕೆ ಹೋಗುವ ಸಂಖ್ಯೆ ಇನ್ನೊಂದು ವಿಷಯ ಎಂಬ ಈ ವ್ಯವಸ್ಥೆಯನ್ನು ನಾವು ಗ್ರೇಡ್‌ಬುಕ್‌ನಲ್ಲೂ ಹಾಗೆಯೇ ಉಳಿಸಿಕೊಳ್ಳಬೇಕು.

ಅದಕ್ಕೆ ಮೂಡಲ್‌ನಲ್ಲಿ ‘ಸ್ಕೇಲ್’ ಎಂಬ ಸೌಲಭ್ಯವಿದೆ. ‘ಸ್ಥಿತಿ’ ಎಂಬ ಹೆಸರಿನಲ್ಲಿ ಒಂದು ಪ್ರತ್ಯೇಕ ಗ್ರೇಡ್ ಕಾಲಂ ತೆರೆದು, ಅದಕ್ಕೆ ಸಂಖ್ಯೆಯ ಬದಲು ಸ್ಕೇಲ್ ಜೋಡಿಸಿ, ಅದರಲ್ಲಿ ‘ಡಬ್ಲ್ಯೂ’, ‘ಐ’, ‘ಎಕ್ಸ್’, ‘ಪೂರ್ಣ’ ಎಂಬ ಆಯ್ಕೆಗಳನ್ನು ಅಲ್ಪವಿರಾಮ ಹಾಕಿ ಬರೆಯಿರಿ. ಒಂದು ಎಚ್ಚರಿಕೆ ಬೇಕು. ಕಣ್ಣಿಗೆ ಅಕ್ಷರವೇ ಕಂಡರೂ ಮೂಡಲ್ ಒಳಗೊಳಗೆ ಸ್ಕೇಲಿನ ಮೊದಲ ಆಯ್ಕೆಗೆ 1, ಎರಡನೆಯದಕ್ಕೆ 2 ಎಂದು ಅಂಕ ಕೊಡುತ್ತಾ ಹೋಗುತ್ತದೆ. ಆದ್ದರಿಂದ ಆ ಕಾಲಂನ ತೂಕವನ್ನು ಸೊನ್ನೆ ಮಾಡಿ ಒಟ್ಟು ಲೆಕ್ಕದಿಂದ ಹೊರಗಿಡಿ. ಇಲ್ಲದಿದ್ದರೆ ಸ್ಥಿತಿಯ ಗುರುತೇ ಅಂಕವಾಗಿ ಕೂಡಿಕೊಳ್ಳುತ್ತದೆ.

ಇನ್ನು ಅಕ್ಷರಗಳ ವಿಷಯ. ಇದರಲ್ಲಿ ನಮ್ಮ ಭಾಗದ ಎಂಜಿನಿಯರಿಂಗ್ ಕಾಲೇಜುಗಳಿಗೆ ನಿಜವಾದ ಗೊಂದಲವಿದೆ. ಹಲವು ಸ್ವಾಯತ್ತ ಕಾಲೇಜುಗಳ ನಿಯಮಾವಳಿಯಲ್ಲಿ ‘ಡಬ್ಲ್ಯೂ’ ಎಂದರೆ ವಿದ್ಯಾರ್ಥಿ ಕೋರ್ಸಿನಿಂದ ಹಿಂದೆ ಸರಿದಿದ್ದಾನೆ ಎಂದು, ‘ಎಕ್ಸ್’ ಎಂದರೆ ಆಂತರಿಕ ಮೌಲ್ಯಮಾಪನದಲ್ಲಿ ಬಹಳ ಚೆನ್ನಾಗಿ ಮಾಡಿ ಅಂತಿಮ ಪರೀಕ್ಷೆಯಲ್ಲಿ ಮಾತ್ರ ಎಡವಿದವನಿಗೆ ಕೊಡುವ ತಾತ್ಕಾಲಿಕ ಗ್ರೇಡ್ ಎಂದು ಅರ್ಥ. ಆದರೆ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಫಲಿತಾಂಶ ಪುಟದಲ್ಲಿ ‘ಡಬ್ಲ್ಯೂ’ ಎಂದರೆ ಫಲಿತಾಂಶವನ್ನು ತಡೆಹಿಡಿಯಲಾಗಿದೆ ಎಂದು, ‘ಎಕ್ಸ್’ ಮತ್ತು ‘ಎನ್‌ಇ’ ಎಂದರೆ ಪರೀಕ್ಷೆಗೆ ಅರ್ಹನಲ್ಲ ಎಂದು ಕೊಟ್ಟಿರುತ್ತಾರೆ. ಒಂದೇ ‘ಎಕ್ಸ್’ ಒಂದು ಕಡೆ ಜಾಣ ವಿದ್ಯಾರ್ಥಿಗೆ ಕೊಡುವ ಇನ್ನೊಂದು ಅವಕಾಶ, ಇನ್ನೊಂದು ಕಡೆ ಹಾಜರಾತಿಯೋ ಆಂತರಿಕ ಅಂಕವೋ ಸಾಲದವನಿಗೆ ಹಾಕುವ ತಡೆ. ಅಣ್ಣ ಒಂದು ಕಾಲೇಜಿನಲ್ಲಿ, ತಂಗಿ ಇನ್ನೊಂದು ಕಾಲೇಜಿನಲ್ಲಿ ಓದುತ್ತಿರುವ ಮನೆಯಲ್ಲಿ ತಂದೆತಾಯಿ ಇದನ್ನು ಹೇಗೆ ಓದಿಕೊಂಡಾರು ಎಂದು ಯೋಚಿಸಿ. ಗ್ರೇಡ್‌ಬುಕ್‌ನಲ್ಲಿ ಬರಿಯ ಅಕ್ಷರವನ್ನು ಬಿಡದೆ, ಕಾಲಂನ ವಿವರಣೆಯಲ್ಲಿ ಅದರ ಅರ್ಥವನ್ನು ಒಂದು ಪೂರ್ಣ ವಾಕ್ಯದಲ್ಲಿ ಬರೆಯಿಸುವುದನ್ನು ಕಡ್ಡಾಯ ಮಾಡಬೇಕು ಎಂದು ನಾನು ಬಲವಾಗಿ ಹೇಳುತ್ತೇನೆ.

ಎಸ್‌ಜಿಪಿಎ ಲೆಕ್ಕವನ್ನು ಒಂದು ಉದಾಹರಣೆಯಲ್ಲಿ ನೋಡೋಣ. ಒಬ್ಬಳು ವಿದ್ಯಾರ್ಥಿನಿಗೆ 4 ಕ್ರೆಡಿಟ್‌ಗಳ ಎರಡು ಕೋರ್ಸುಗಳಲ್ಲಿ ‘ಎ’ ಮತ್ತು ‘ಬಿ+’, 3 ಕ್ರೆಡಿಟ್‌ಗಳ ಒಂದರಲ್ಲಿ ‘ಎ+’, 2 ಕ್ರೆಡಿಟ್‌ಗಳ ಒಂದರಲ್ಲಿ ‘ಎ’, ಮತ್ತು 3 ಕ್ರೆಡಿಟ್‌ಗಳ ಇನ್ನೊಂದರಲ್ಲಿ ‘ಐ’ ಬಂದಿದೆ ಎಂದುಕೊಳ್ಳಿ. ಕ್ರೆಡಿಟನ್ನು ಗ್ರೇಡ್ ಅಂಕದಿಂದ ಗುಣಿಸಿ ಕೂಡಿದರೆ 32, 28, 27, 16 ಸೇರಿ 103 ಆಗುತ್ತದೆ. ‘ಐ’ ಬಂದ ಕೋರ್ಸನ್ನು ಬದಿಗಿಟ್ಟು 13 ಕ್ರೆಡಿಟ್‌ಗಳಿಂದ ಭಾಗಿಸಿದರೆ 7.92, ಅದನ್ನು ಸೊನ್ನೆಯೆಂದು ಎಣಿಸಿ 16ರಿಂದ ಭಾಗಿಸಿದರೆ 6.44. ಕ್ಯಾಂಪಸ್ ಸಂದರ್ಶನಕ್ಕೆ 7 ಇರಬೇಕೆಂದು ಯಾವುದಾದರೂ ಸಂಸ್ಥೆ ಕೇಳಿದ್ದರೆ ಈ ವ್ಯತ್ಯಾಸವೇ ಅವಳನ್ನು ಒಳಗೆ ಬಿಡುತ್ತದೆ ಅಥವಾ ಹೊರಗೆ ನಿಲ್ಲಿಸುತ್ತದೆ. ‘ಐ’ ಇನ್ನೂ ತೀರ್ಮಾನವಾಗದ ಗ್ರೇಡ್ ಆಗಿರುವುದರಿಂದ ಅದನ್ನು ಸೊನ್ನೆಯೆಂದು ಎಣಿಸುವುದಕ್ಕೆ ಆಧಾರವಿಲ್ಲ. ಅದನ್ನು ಬಿಟ್ಟು ಲೆಕ್ಕ ಹಾಕಿ ‘ತಾತ್ಕಾಲಿಕ’ ಎಂದು ಸ್ಪಷ್ಟವಾಗಿ ನಮೂದಿಸಿ, ಇಲ್ಲವೇ ನಿಮ್ಮ ನಿಯಮಾವಳಿ ಹಾಗೆ ಹೇಳಿದರೆ ಎಸ್‌ಜಿಪಿಎಯನ್ನೇ ಪ್ರಕಟಿಸದೆ ತಡೆಯಿರಿ. ‘ಐ’ ಹಾಕುವ ದಿನವೇ ಅದು ಯಾವ ದಿನಾಂಕದೊಳಗೆ ಬದಲಾಗಬೇಕು, ಬದಲಾಗದಿದ್ದರೆ ಏನಾಗುತ್ತದೆ ಎಂಬುದನ್ನೂ ಷರಾದಲ್ಲಿ ಬರೆಯಿಸಿ. ಕೊನೆಯ ದಿನವಿಲ್ಲದ ‘ಐ’ ಮುಂದಿನ ಸೆಮಿಸ್ಟರಿಗೂ ಹಾಗೆಯೇ ದಾಟಿಕೊಳ್ಳುತ್ತದೆ, ಆ ಹೊತ್ತಿಗೆ ಅದನ್ನು ಕೊಟ್ಟ ಅಧ್ಯಾಪಕರು ಬೇರೆಡೆಗೆ ಹೋಗಿರುತ್ತಾರೆ.

ಪ್ರಶ್ನೆ: ನಾವು ಗೂಗಲ್ ಕ್ಲಾಸ್‌ರೂಮ್ ಬಳಸುತ್ತೇವೆ. ಕೈಬರಹದ ಅಸೈನ್‌ಮೆಂಟನ್ನು ನನ್ನ ಕೈಗೇ ತಂದುಕೊಟ್ಟ ಮಕ್ಕಳಿಗೂ ಕೆಂಪು ಅಕ್ಷರದಲ್ಲಿ ‘ಮಿಸ್ಸಿಂಗ್’ ಎಂದು ತೋರಿಸುತ್ತದೆ. ಪೋಷಕರು ಫೋನ್ ಮಾಡುತ್ತಾರೆ. ಏಕೆ ಹೀಗೆ?
(ಪಿ.ಯು. ಕಾಲೇಜಿನ ಉಪನ್ಯಾಸಕಿ, ಉಣಕಲ್, ಹುಬ್ಬಳ್ಳಿ)

ಉತ್ತರ: ‘ಮಿಸ್ಸಿಂಗ್’, ‘ಡನ್ ಲೇಟ್’ ಎಂಬವು ಗಡಿಯಾರ ನೋಡಿ ತಂತ್ರಾಂಶ ತಾನಾಗಿ ಹಾಕುವ ಗುರುತುಗಳು. ಗಡುವು ದಾಟಿದೆ, ವಿದ್ಯಾರ್ಥಿ ತನ್ನ ಖಾತೆಯಿಂದ ಒಪ್ಪಿಸಿಲ್ಲ ಎಂಬುದಷ್ಟೇ ಅದಕ್ಕೆ ಗೊತ್ತು. ನಿಮ್ಮ ಮೇಜಿನ ಮೇಲಿರುವ ಕಾಗದ ಅದಕ್ಕೆ ಕಾಣುವುದಿಲ್ಲ. ಕಾಗದ ಕೊಟ್ಟ ಕೂಡಲೇ ತಮ್ಮ ಖಾತೆಯಲ್ಲಿ ‘ಮಾರ್ಕ್ ಆ್ಯಸ್ ಡನ್’ ಒತ್ತಬೇಕೆಂದು ಮಕ್ಕಳಿಗೆ ಹೇಳಿಕೊಡಿ. ಕೈಬರಹದ ಕೆಲಸಕ್ಕೆ ಕ್ಲಾಸ್‌ರೂಮ್‌ನಲ್ಲಿ ಗಡುವನ್ನೇ ಹಾಕದೆ, ತರಗತಿಯಲ್ಲಿ ಬಾಯಿಮಾತಿನಲ್ಲಿ ತಿಳಿಸುವುದೂ ಒಂದು ದಾರಿ. ನೀವು ಅಂಕ ನಮೂದಿಸಿದರೂ ‘ರಿಟರ್ನ್’ ಒತ್ತುವವರೆಗೆ ಅದು ಕರಡಾಗಿಯೇ ಇರುತ್ತದೆ, ಮಕ್ಕಳಿಗೆ ಕಾಣುವುದಿಲ್ಲ ಎಂಬುದನ್ನೂ ಗಮನಿಸಿ. ನಿಜವಾದ ಕಾರಣವಿದ್ದು ಬಿಟ್ಟವರಿಗೆ ‘ಎಕ್ಸ್‌ಕ್ಯೂಸ್ಡ್’ ಎಂದು ಗುರುತಿಸಿದರೆ ಆ ಕೆಲಸ ಅವರ ಒಟ್ಟು ಅಂಕದಿಂದ ಹೊರಗೆ ಉಳಿಯುತ್ತದೆ.

ಮೂಡಲ್‌ನಂಥದೇ ಇನ್ನೊಂದು ತಂತ್ರಾಂಶವಾದ ಕ್ಯಾನ್ವಾಸ್ ಬಳಸುವ ಸಂಸ್ಥೆಗಳಲ್ಲಿರುವ ಓದುಗರಿಗೂ ಒಂದು ಮಾತು. ಅಲ್ಲಿ ಚೌಕದಲ್ಲಿ ‘ಇಎಕ್ಸ್’ ಎಂದು ಟೈಪ್ ಮಾಡಿದರೆ ಸಾಕು, ವಿನಾಯಿತಿ ದಾಖಲಾಗುತ್ತದೆ. ಒಪ್ಪಿಸದವರಿಗೆ ತಾನಾಗಿ ಸೊನ್ನೆ ಹಾಕುವ, ತಡವಾದ ಪ್ರತಿ ದಿನಕ್ಕೂ ಇಷ್ಟೆಂದು ಅಂಕ ಕಳೆಯುವ ವ್ಯವಸ್ಥೆಯೂ ಇದೆ. ಅದನ್ನು ಸೆಮಿಸ್ಟರಿನ ಮೊದಲ ವಾರದಲ್ಲೇ ಚಾಲೂ ಮಾಡಿ ತರಗತಿಯಲ್ಲಿ ಓದಿ ಹೇಳಬೇಕು. ನಡುವೆ ಚಾಲೂ ಮಾಡಿದರೆ ನಿನ್ನೆಯವರೆಗೆ ಇದ್ದ ಅಂಕ ಇಂದು ಏಕೆ ಇಳಿಯಿತೆಂದು ವಿವರಿಸುವುದರಲ್ಲೇ ನಿಮ್ಮ ಸಮಯ ಹೋಗುತ್ತದೆ. ವಿದ್ಯುತ್ ಹೋಗಿಯೋ ಬಸ್ ತಪ್ಪಿಯೋ ಗಂಟೆಯ ಮಟ್ಟಿಗೆ ತಡವಾದವರ ‘ಲೇಟ್’ ಗುರುತನ್ನು ಕೈಯಾರೆ ತೆಗೆಯುವ ಅಧಿಕಾರ ಅಧ್ಯಾಪಕರಿಗಿದೆ. ಹಳ್ಳಿಗಳಿಂದ ಬರುವ ಮಕ್ಕಳಿರುವ ನಮ್ಮ ಕಡೆ ಅದನ್ನು ಧಾರಾಳವಾಗಿ ಬಳಸಿ.

ಪ್ರಶ್ನೆ: ನನ್ನ ಮಗ ಐಐಟಿಗಳು ಆನ್‌ಲೈನಿನಲ್ಲಿ ನಡೆಸುವ ಎನ್‌ಪಿಟಿಇಎಲ್‌ನ 12 ವಾರಗಳ ಕೋರ್ಸ್ ತೆಗೆದುಕೊಂಡಿದ್ದಾನೆ. ಜ್ವರದಿಂದ ಎರಡು ವಾರ ಅಸೈನ್‌ಮೆಂಟ್ ಕಳಿಸಲಾಗಲಿಲ್ಲ. ಅಲ್ಲಿ ಸೊನ್ನೆ ಕಾಣುತ್ತಿದೆ. ವೈದ್ಯರ ಪ್ರಮಾಣಪತ್ರ ಕಳಿಸಿ ವಿನಾಯಿತಿ ಕೇಳಬೇಕೆ?
(ಒಬ್ಬ ತಂದೆ, ಸವಣೂರು, ಹಾವೇರಿ ಜಿಲ್ಲೆ)

ಉತ್ತರ: ಗಾಬರಿಯಾಗಬೇಡಿ, ಆ ಎರಡು ಸೊನ್ನೆಗಳು ನಿಮ್ಮ ಮಗನ ಫಲಿತಾಂಶವನ್ನು ಮುಟ್ಟುವುದೇ ಇಲ್ಲ. 12 ವಾರಗಳ ಕೋರ್ಸಿನಲ್ಲಿ 12 ಅಸೈನ್‌ಮೆಂಟುಗಳ ಪೈಕಿ ಅತ್ಯುತ್ತಮವಾದ ಎಂಟರ ಸರಾಸರಿಯನ್ನು ಮಾತ್ರ ತೆಗೆದುಕೊಂಡು ಅದಕ್ಕೆ 25 ಅಂಕ ಕೊಡುತ್ತಾರೆ, ಉಳಿದ 75 ಅಂಕ ಕೇಂದ್ರದಲ್ಲಿ ಕುಳಿತು ಬರೆಯುವ ಪರೀಕ್ಷೆಗೆ. ಅವನು ಹತ್ತು ಕಳಿಸಿದ್ದರೆ ಅದರಲ್ಲಿಯೂ ಕಡಿಮೆ ಬಂದ ಎರಡು ಬಿಟ್ಟುಹೋಗುತ್ತವೆ. ಅವನು ನೋಡಿಕೊಳ್ಳಬೇಕಾದದ್ದು ಬೇರೆ. ಪ್ರಮಾಣಪತ್ರ ಸಿಗಬೇಕಾದರೆ ಅಸೈನ್‌ಮೆಂಟಿನಲ್ಲಿ 25ಕ್ಕೆ ಕನಿಷ್ಠ 10, ಪರೀಕ್ಷೆಯಲ್ಲಿ 75ಕ್ಕೆ ಕನಿಷ್ಠ 30, ಎರಡೂ ಬರಬೇಕು. ಒಂದರಲ್ಲಿ ಹೆಚ್ಚು ಬಂದು ಇನ್ನೊಂದರಲ್ಲಿ ಕಡಿಮೆ ಬಿದ್ದರೆ ಒಟ್ಟು 40 ದಾಟಿದರೂ ಪ್ರಮಾಣಪತ್ರ ಬರುವುದಿಲ್ಲ. ಈ ಕೋರ್ಸಿನ ಕ್ರೆಡಿಟನ್ನು ಪದವಿಗೆ ಸೇರಿಸಿಕೊಳ್ಳುವ ಉದ್ದೇಶವಿದ್ದರೆ ಮಗನ ಕಾಲೇಜಿನಲ್ಲಿ ಮೊದಲೇ ವಿಚಾರಿಸಿ. ಎನ್‌ಪಿಟಿಇಎಲ್ ಕೋರ್ಸುಗಳೂ ಸೇರಿರುವ, ಕೇಂದ್ರ ಸರ್ಕಾರದ ‘ಸ್ವಯಂ’ ಆನ್‌ಲೈನ್ ವೇದಿಕೆಯ ಕೋರ್ಸುಗಳಿಂದ ಒಂದು ಸೆಮಿಸ್ಟರಿನ ಶೇಕಡಾ 40ರವರೆಗಿನ ಕೋರ್ಸುಗಳನ್ನು ಒಪ್ಪಿಕೊಳ್ಳಲು ಅನುದಾನ ಆಯೋಗದ 2021ರ ನಿಯಮ ಅವಕಾಶ ಕೊಡುತ್ತದೆ. ಯಾವ ಕೋರ್ಸನ್ನು ಒಪ್ಪಬೇಕೆಂಬುದು ಸಂಸ್ಥೆಗೆ ಬಿಟ್ಟದ್ದು.

ಈ ಪತ್ರದಿಂದ ಅಧ್ಯಾಪಕರಿಗೂ ಒಂದು ವಿಷಯ ಹೇಳುವುದಿದೆ. ಕಡಿಮೆ ಅಂಕ ಬಂದದ್ದನ್ನು ಬಿಡುವ ಈ ಪದ್ಧತಿ ಮೂಡಲ್‌ನಲ್ಲೂ ‘ಡ್ರಾಪ್ ದ ಲೋಯೆಸ್ಟ್’ ಎಂಬ ಹೆಸರಿನಲ್ಲಿದೆ. ಅದನ್ನೂ ವಿನಾಯಿತಿಯನ್ನೂ ಒಟ್ಟಿಗೆ ಬಳಸಿದರೆ ಒಬ್ಬನಿಗೆ ಎರಡು ರಿಯಾಯಿತಿ ಸಿಗುತ್ತದೆ. ತಲಾ 10 ಅಂಕಗಳ ಐದು ಕ್ವಿಜ್‌ಗಳಲ್ಲಿ ಒಬ್ಬನಿಗೆ 9, 8, 7, 4 ಬಂದು ಐದನೆಯದು ತಪ್ಪಿದೆ, ಒಂದನ್ನು ಬಿಡುವ ನಿಯಮವಿದೆ ಎಂದುಕೊಳ್ಳಿ. ತಪ್ಪಿದ್ದಕ್ಕೆ ಸೊನ್ನೆ ಹಾಕಿದರೆ ಆ ಸೊನ್ನೆಯೇ ಬಿಟ್ಟುಹೋಗಿ 40ಕ್ಕೆ 28, ಅಂದರೆ ಶೇಕಡಾ 70 ಬರುತ್ತದೆ. ವಿನಾಯಿತಿ ಕೊಟ್ಟರೆ ಅದು ಮೊದಲೇ ಹೊರಗೆ ಹೋಗಿ, ಬಿಡುವ ನಿಯಮ 4ರ ಮೇಲೆ ಬಿದ್ದು, 30ಕ್ಕೆ 24 ಎಂದಾಗಿ ಶೇಕಡಾ 80 ಬರುತ್ತದೆ. ಖಾಲಿ ಬಿಟ್ಟರೂ ಇದೇ 80. ನನ್ನ ಮಟ್ಟಿಗೆ, ಒಂದೋ ಎರಡೋ ಕ್ವಿಜ್ ಬಿಡುವ ನಿಯಮ ಇಟ್ಟಿರುವುದೇ ಜ್ವರ, ಜಾತ್ರೆ, ಮದುವೆಯಂಥ ಸಣ್ಣ ಅಡಚಣೆಗಳಿಗಾಗಿ. ಅಂಥ ಕೋರ್ಸಿನಲ್ಲಿ ವಿನಾಯಿತಿಯನ್ನು ದೀರ್ಘ ಕಾಯಿಲೆಗೋ ವಿಶ್ವವಿದ್ಯಾಲಯವೇ ಕಳಿಸಿದ ಕ್ರೀಡೆ, ಎನ್‌ಸಿಸಿ ಶಿಬಿರಗಳಿಗೋ ಮಾತ್ರ ಉಳಿಸಿಕೊಳ್ಳಿ.

ಪ್ರಶ್ನೆ: ಫಲಿತಾಂಶ ಕಳಿಸಿದ ಮೇಲೂ ಕೆಲವರು ಗ್ರೇಡ್‌ಬುಕ್ ತಿದ್ದುತ್ತಿದ್ದಾರೆ. ವಿನಾಯಿತಿಯ ಕಾರಣಗಳನ್ನು ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕುವ ರೂಢಿಯೂ ಇದೆ. ತಡೆಯುವುದು ಹೇಗೆ?
(ಪ್ರಾಂಶುಪಾಲರು, ಗದಗ ಜಿಲ್ಲೆ)

ಉತ್ತರ: ಮೂಡಲ್‌ನಲ್ಲಿ ಗ್ರೇಡ್ ಕಾಲಂನ್ನಾಗಲಿ ಇಡೀ ವಿಭಾಗವನ್ನಾಗಲಿ ‘ಲಾಕ್’ ಮಾಡಬಹುದು, ಯಾವ ದಿನಾಂಕದ ನಂತರ ಬೀಗ ಬೀಳಬೇಕೆಂದೂ ಮುಂಚಿತವಾಗಿ ಹೇಳಿಡಬಹುದು. ಯಾರು, ಯಾವಾಗ, ಯಾವ ಅಂಕವನ್ನು ಏನೆಂದು ಬದಲಿಸಿದರು ಎಂಬುದು ‘ಗ್ರೇಡ್ ಹಿಸ್ಟರಿ’ ವರದಿಯಲ್ಲಿ ಸಿಗುತ್ತದೆ. ತಿಂಗಳಿಗೊಮ್ಮೆ ಅದನ್ನು ವಿಭಾಗದ ಮುಖ್ಯಸ್ಥರು ತೆರೆದು ನೋಡಲಿ. ಬೀಗ ಹಾಕುವ ದಿನ ಅಂಕಗಳೂ ಗುರುತುಗಳೂ ಎರಡೂ ಇರುವ ಪ್ರತಿಯೊಂದನ್ನು ಮುದ್ರಿಸಿ, ಸಂಬಂಧಪಟ್ಟ ಅಧ್ಯಾಪಕರ ಸಹಿ ಪಡೆದು ಪರೀಕ್ಷಾ ವಿಭಾಗದ ಕಡತದಲ್ಲಿ ಇರಿಸಿ. ಆಮೇಲೆ ತಿದ್ದುಪಡಿ ಬೇಕಾದವರು ಲಿಖಿತವಾಗಿ ಕೇಳಿ ಬೀಗ ತೆಗೆಸಿಕೊಳ್ಳಲಿ.

ವಾಟ್ಸ್‌ಆ್ಯಪ್ ರೂಢಿಯನ್ನು ಮಾತ್ರ ಕೂಡಲೇ ನಿಲ್ಲಿಸಿ. ಒಬ್ಬ ಹುಡುಗಿಯ ಕಾಯಿಲೆ, ಗರ್ಭಪಾತ, ಮನೆಯಲ್ಲಾದ ಸಾವು, ಮಾನಸಿಕ ಆರೋಗ್ಯದ ಚಿಕಿತ್ಸೆ, ಇವು ಗುಂಪಿನ ಅರವತ್ತು ಜನ ಓದುವ ವಿಷಯಗಳಲ್ಲ. ಗುಂಪಿನಲ್ಲಷ್ಟೇ ಅಲ್ಲ, ಗ್ರೇಡ್‌ಬುಕ್‌ನ ಷರಾದಲ್ಲೂ ‘ಪ್ರಾಂಶುಪಾಲರ ಆದೇಶದಂತೆ ವಿನಾಯಿತಿ’ ಎಂಬುದು ಮತ್ತು ಕಡತದ ಸಂಖ್ಯೆ, ಇಷ್ಟೇ ಸಾಕು. ಕಾರಣವೂ ವೈದ್ಯರ ಪ್ರಮಾಣಪತ್ರವೂ ನಿಮ್ಮ ಕಚೇರಿಯ ಕಡತದಲ್ಲಿ ಇರಲಿ, ಅದನ್ನು ನೋಡುವ ಅಧಿಕಾರ ಯಾರಿಗಿದೆ ಎಂಬುದನ್ನು ಆ ಕಡತದ ಮೇಲೆಯೇ ಬರೆದಿಡಿ.